ನಿಮಗಿದು ಗೊತ್ತೆ? ಬೊಜ್ಜಿನ ಶಸ್ತ್ರಚಿಕಿತ್ಸೆಯ ಬೆನ್ನಿಗೆ ಬೆರಿಬೆರಿ

ಪಾಲಿಶ್ ಅಕ್ಕಿಯನ್ನೇ ನೆಚ್ಚಿದ್ದ ನಾಡುಗಳನ್ನು ಹಿಂದೊಮ್ಮೆ ಪೀಡಿಸಿದ, ಜಾವಾದಲ್ಲಿ ಕೋಳಿಗಳನ್ನು ಪರೀಕ್ಷಿಸಿ ಅದರ ಮೂಲದ ಸುಳಿವು ಹಿಡಿದ ಐಕ್‌ಮಾನ್‌ನಿಗೆ 1929ರ ನೊಬೆಲ್ ಪಾರಿತೋಷಕದಲ್ಲಿ ಪಾಲನ್ನು ತಂದುಕೊಟ್ಟ ಬೆರಿಬೆರಿ ರೋಗವು, ಮೈಯ ಬೊಜ್ಜನ್ನಿಳಿಸಲೆಂದು ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಇಂದಿಗೂ ಒಮ್ಮೊಮ್ಮೆ ತಲೆದೋರುವುದುಂಟು. ಈ ರೋಗಕ್ಕೆ ಕಾರಣ ಥಯಾಮಿನ್ ಎಂಬ ಬಿ1 ಜೀವಸತ್ವದ ಕೊರತೆ; ಅದನ್ನು ದೇಹವು ಎರಡು ಮೂರು ವಾರಗಳಿಗೆ ಸಾಲುವಷ್ಟು ಮಾತ್ರ ಕೂಡಿಟ್ಟುಕೊಳ್ಳಬಲ್ಲುದಾದುದರಿಂದ, ಶಸ್ತ್ರಕ್ರಿಯೆಯ ತರುವಾಯ ವಾಂತಿಯು ಬಿಡದೆ ಮುಂದುವರಿದಲ್ಲಿ ಆ ಉಗ್ರಾಣವು ಬರಿದಾಗಿ, ಕಾಲುಗಳು ಜೋಮುಹಿಡಿದು, ಒಂದು ವಸ್ತು ಎರಡಾಗಿ ಕಂಡು, ನಡಿಗೆ ತಡವರಿಸಿ, ಬುದ್ಧಿಯು ಭ್ರಮಿಸತೊಡಗಬಹುದು; ಇವುಗಳಲ್ಲಿ ಕೊನೆಯ ಮೂರು, 1881ರಲ್ಲಿ ಕಾರ್ಲ್ ವೆರ್ನಿಕೆ ವರ್ಣಿಸಿದ ಮಿದುಳಿನ ವ್ಯಾಧಿಯ ಲಕ್ಷಣಗಳು. ಇಂತಹ ರೋಗಿಗೆ ಬರಿಯ ನಿಶ್ಶಕ್ತಿಯೆಂದು ಭಾವಿಸಿ ಗ್ಲೂಕೋಸನ್ನು ಮಾತ್ರ ಏರಿಸಿದರೆ, ಅದನ್ನು ಅರಗಿಸುವುದರಲ್ಲಿ ಅಳಿದುಳಿದ ಥಯಾಮಿನ್ ಕೂಡ ವೆಚ್ಚವಾಗಿ ಸ್ಥಿತಿಯು ವಿಷಮಿಸಬಹುದಾದ ಕಾರಣ, ವೈದ್ಯರು ಪರೀಕ್ಷಾಫಲಕ್ಕೆ ಕಾಯದೆ ಥಯಾಮಿನ್ನನ್ನು ಗ್ಲೂಕೋಸಿಗೆ ಮೊದಲು ಅಥವಾ ಅದರೊಡನೆಯೇ ರಕ್ತನಾಳದ ಮೂಲಕ ಕೊಡುತ್ತಾರೆ. ಕಣ್ಣಿನ ತೊಂದರೆ ಬಹುಬೇಗ ಶಮನವಾಗುವುದು. ವಿಳಂಬವಾದಲ್ಲಿ ನೆನಪಿನ ಶಕ್ತಿ ಪೂರ್ಣವಾಗಿ ಮರಳದಿರಲೂಬಹುದು. ಶಸ್ತ್ರಕ್ರಿಯೆಯಲ್ಲಿ ಜಠರಕ್ಕೆ ಕರುಳನ್ನು ಜೋಡಿಸಿದ ಜಾಗವು ಕಿರಿದಾಗಿ ವಾಂತಿಯುಂಟಾಗುತ್ತಿದ್ದರೆ, ಎಂಡೋಸ್ಕೋಪಿನಿಂದ ಅದನ್ನು ಹಿಗ್ಗಿಸುವುದು ಅನಂತರದ ಕೆಲಸ.