ಬಚ್ಚಲಮನೆಯ ಗೀಜರು: ದುರಸ್ತಿಯೋ, ಬದಲಾವಣೆಯೋ?

ಬೈಲಹೊಂಗಲದ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಅವ್ವ. ಎಪ್ಪತ್ತಾರರ ಈ ಹಿರಿಯ ಜೀವಕ್ಕೆ ಬೆಳಗಿನ ಐದು ಗಂಟೆಗೆ ಸ್ನಾನ, ಬಳಿಕ ಲಿಂಗಪೂಜೆ. ಈ ಕ್ರಮ ತಪ್ಪಿದುದನ್ನು ನಾನು ಕಂಡಿಲ್ಲ. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಅವರು, “ತಮ್ಮಾ, ಬಚ್ಚಲದಾಗ ನಳ ಮುಟ್ಟಿದರ ಕೈ ಜುಮ್ಮ ಅಂತೈತಿ” ಎಂದರು. ಚಳಿಗೆ ಕೈ ಮರಗಟ್ಟಿರಬೇಕೆಂದು ಹೇಳಿ ನಾನು ನನ್ನ ಕೆಲಸಕ್ಕೆ ಹೋದೆ. ಐದನೆಯ ದಿನ ಮಗಳಿಗೂ ಅದೇ ಅನುಭವವಾಯಿತು. ಆಗ ಎಚ್ಚತ್ತು, ಮೇನ್ ಸ್ವಿಚ್ಚು ಆರಿಸಿ, ವಿದ್ಯುತ್ ಕೆಲಸದವರನ್ನು ಕರೆಯಿಸಿದೆ.

ಅವರು ಗೀಜರಿನ ತಳ ಬಿಚ್ಚಿ ಕಾಯಿಲನ್ನು ಹೊರಗೆಳೆದರು. ಬೆರಳು ಗಾತ್ರದ ಸುಣ್ಣದ ಪದರು ಅದನ್ನು ಸುತ್ತಿಕೊಂಡಿತ್ತು. ಒಳಗಿನ ಲೋಹದ ಕವಚ ಬಿರುಕು ಬಿಟ್ಟಿತ್ತು. ಗೋಡೆಯ ಪಾಯಿಂಟಿನಲ್ಲಿ ಅರ್ಥಿಂಗಿನ ತಂತಿ ಕಳಚಿ ಬಿದ್ದಿತ್ತು. “ಅಣ್ಣಾರ, ಇನ್ನೆಂಟ ದಿನ ಹಿಂಗ ಬಿಟ್ಟಿದ್ದರ ಏನಾಗತಿತ್ತೋ ಹೇಳಾಕ ಬರೂದಿಲ್ಲ” ಎಂದರು ಆ ಕೆಲಸಗಾರರು. ಅವ್ವನ ಮಾತನ್ನು ನಾಲ್ಕು ದಿನ ಕಡೆಗಣಿಸಿದುದಕ್ಕೆ ನನಗಾದ ನಾಚಿಕೆ ಇಂದಿಗೂ ಹೋಗಿಲ್ಲ. ಈ ಲೇಖನಕ್ಕೆ ಕಾರಣವೂ ಅದೇ.

ಅದೇ ವಾರ, ಕಾರವಾರದಲ್ಲಿ ಉದ್ಯೋಗದಲ್ಲಿರುವ ತಮ್ಮ ದೂರವಾಣಿಯಲ್ಲಿ ಮಾತನಾಡುತ್ತ, ತನ್ನ ಮನೆಯ ಗೀಜರಿನಿಂದ ಕೆಂಪು ನೀರು ತೊಟ್ಟಿಕ್ಕುತ್ತಿದೆಯೆಂದ. ಎಂಟು ವರ್ಷಗಳ ಹಿಂದೆ ನಾವಿಬ್ಬರೂ ಒಂದೇ ದಿನ, ಒಂದೇ ಅಂಗಡಿಯಲ್ಲಿ, 25 ಲೀಟರಿನ ಒಂದೇ ಬಗೆಯ ಗೀಜರು ಕೊಂಡಿದ್ದೆವು. ನಮ್ಮದು ದುರಸ್ತಿಯಾಗಿ ಇಂದಿಗೂ ನಡೆಯುತ್ತಿದೆ. ಅವನು ಹೊಸದನ್ನೇ ಕೊಳ್ಳಬೇಕಾಯಿತು. ಒಂದೇ ಯಂತ್ರ ಎರಡು ಊರುಗಳಲ್ಲಿ ಎರಡು ಬಗೆಯಾಗಿ ಕೆಟ್ಟಿತೇಕೆ? ಯಾವಾಗ ದುರಸ್ತಿ, ಯಾವಾಗ ಬದಲಾವಣೆ? ವಾಚಕರ ಮನೆಗಳಿಗೂ ಉಪಯೋಗವಾದೀತೆಂದು ತಿಳಿದುಕೊಂಡುದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ನೆಲ, ನಮ್ಮ ನೀರು

ನಮ್ಮ ಹಿರಿಯರ ಕಾಲದಲ್ಲಿ ಬಚ್ಚಲೊಲೆಯ ಮೇಲೆ ತಾಮ್ರದ ಹಂಡೆಯಿರುತ್ತಿತ್ತು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮನೆಯ ತಾಯಂದಿರು ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗುತ್ತಿದ್ದರು. ಹಂಡೆಯ ಒಳಮೈಗೆ ಅಂಟಿದ ಬಿಳಿಯ ಪೊರೆ ಹುಣಸೆಯ ಹುಳಿಗೆ ಕರಗಿ ಹೋಗುತ್ತಿತ್ತು. ಆ ಪೊರೆಯೇ ಇಂದು ಗೀಜರಿನೊಳಗೆ ಕುಳಿತಿದೆ. ವ್ಯತ್ಯಾಸವಿಷ್ಟೆ: ಹಂಡೆಯ ಬಾಯಿ ತೆರೆದಿತ್ತು, ಕಣ್ಣಿಗೆ ಕಾಣುತ್ತಿತ್ತು, ಗೀಜರು ಮುಚ್ಚಿದ ಪೆಟ್ಟಿಗೆ.

ಬೈಲಹೊಂಗಲ, ಸವದತ್ತಿಗಳ ಎರೆಭೂಮಿಯಲ್ಲಿ ಸುಣ್ಣದ ಹರಳು ಬೆರೆತಿರುವುದು ರೈತರೆಲ್ಲರೂ ಬಲ್ಲ ಸಂಗತಿ. ರಾಮದುರ್ಗದಿಂದ ಬಾಗಲಕೋಟೆಯತ್ತ ಹಬ್ಬಿರುವ ಕಲಾದಗಿ ಶಿಲಾಸ್ತರಗಳಲ್ಲಿ ಸುಣ್ಣಕಲ್ಲು ಇದೆ. ಇಂಥ ನೆಲದಾಳದಿಂದ ಬರುವ ಬೋರಿನ ನೀರು ಸುಣ್ಣದ ಅಂಶವನ್ನು ಕರಗಿಸಿಕೊಂಡೇ ಬರುತ್ತದೆ. ಕಾದಾಗ ಆ ಅಂಶ ಕರಗದ ಗಟ್ಟಿ ಪದಾರ್ಥವಾಗಿ ಕಾಯಿಲಿಗೆ ಅಂಟುತ್ತದೆ. ನೀರು ಹೆಚ್ಚು ಕಾದಷ್ಟೂ ಪದರು ಬೇಗ ಬೆಳೆಯುತ್ತದೆ. ತಳ ಹತ್ತಿದ ಪಾತ್ರೆಯಲ್ಲಿ ಬೆಂಕಿಯ ಕಾವು ಅನ್ನಕ್ಕೆ ಮುಟ್ಟದೆ ಪಾತ್ರೆಯನ್ನೇ ಸುಡುವಂತೆ, ಸುಣ್ಣ ಸುತ್ತಿದ ಕಾಯಿಲು ತನ್ನ ಕಾವಿಗೆ ತಾನೇ ಬೆಂದು ಒಡೆಯುತ್ತದೆ. ನಮ್ಮ ಮನೆಯಲ್ಲಿ ಆದುದು ಇದೇ.

ಕುಡಿಯುವ ನೀರಿನ ಭಾರತೀಯ ಮಾನಕದಂತೆ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಜಲಮೂಲವಿಲ್ಲದೆಡೆ 600ರವರೆಗೆ ಒಪ್ಪಿತ. ನವಿಲುತೀರ್ಥದ ಜಲಾಶಯದಿಂದ ಬರುವ ಮಲಪ್ರಭೆಯ ನೀರು ಸಾಮಾನ್ಯವಾಗಿ ಬೋರಿನ ನೀರಿಗಿಂತ ಮೆದು. ನದಿಯ ನೀರೂ ಬೋರಿನ ನೀರೂ ಎರಡೂ ಬರುವ ಮನೆಗಳಲ್ಲಿ ಗೀಜರಿಗೆ ನದಿಯ ನೀರು ಹೋಗುವಂತೆ ಕೊಳವೆ ಜೋಡಿಸಿಕೊಳ್ಳುವುದು ಲೇಸು. ಮಲೆನಾಡಿನ ಅಂಚಿನ ಕಿತ್ತೂರಿಗೆ ಮಳೆ ಹೆಚ್ಚು. ಆದರೂ ಬೋರಿನ ನೀರಿನ ಗುಣ ಊರಿಂದೂರಿಗೆ ಬೇರೆಯಾಗುವುದರಿಂದ ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಕರಾವಳಿಯ ಗಾಳಿ

ಕಾರವಾರ, ಅಂಕೋಲಾ, ಗೋವೆಗಳಲ್ಲಿ ನೌಕರಿಯಲ್ಲಿರುವ ನಮ್ಮ ಭಾಗದ ಕುಟುಂಬಗಳು ಎದುರಿಸುವ ಶತ್ರು ಬೇರೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಸವದತ್ತಿ, ರಾಮದುರ್ಗಗಳಲ್ಲಿ ಅದರ ಕಾಲುಭಾಗವೂ ಇಲ್ಲ. ಕಡಲಿನ ಗಾಳಿ ಉಪ್ಪಿನ ಸೂಕ್ಷ್ಮ ಕಣಗಳನ್ನು ಹೊತ್ತು ತರುತ್ತದೆ. ಉಪ್ಪು ಗಾಳಿಯ ತೇವವನ್ನು ಹೀರಿಕೊಂಡು ಲೋಹದ ಮೇಲೆ ಸದಾ ಒದ್ದೆಯ ತೆಳುಪೊರೆಯಾಗಿ ನಿಲ್ಲುತ್ತದೆ. ಬಣ್ಣ ಕಿತ್ತ ಒಂದು ಚಿಕ್ಕ ಗೀರು ಸಾಕು, ತುಕ್ಕು ಅಲ್ಲಿಂದಲೇ ಹಬ್ಬುತ್ತದೆ. ಗೀಜರಿನ ಹೊರಮೈ, ಗೋಡೆಗೆ ತೂಗುಹಾಕಿದ ಬೋಲ್ಟುಗಳು, ತಂತಿಯ ತುದಿಗಳು ಮೊದಲ ಬಲಿ. ತಾಮ್ರದ ತಂತಿಯ ತುದಿ ಹಸಿರುಗಟ್ಟಿದರೆ ಅಲ್ಲಿ ಬಿಸಿ ಹೆಚ್ಚಿ ಸುಡುವ ಭಯವಿದೆ.

ನೀರಿನ ಗುಣವೂ ಅಲ್ಲಿ ಬೇರೆ. ಜಂಬಿಟ್ಟಿಗೆ ನೆಲದ ಬಾವಿಗಳ ನೀರು ಹೆಚ್ಚಾಗಿ ಮೆದು, ತುಸು ಆಮ್ಲಗುಣದ್ದು. ಅದು ಸುಣ್ಣ ಕಟ್ಟುವುದಿಲ್ಲ, ಆದರೆ ಲೋಹವನ್ನು ತಿನ್ನುತ್ತದೆ. ಕಡಲಿಗೆ ಸಮೀಪದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪಿನ ಅಂಶ ಏರುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡು ಸಾಧಾರಣ ಸ್ಟೇನ್‌ಲೆಸ್ ಸ್ಟೀಲಿನಲ್ಲಿಯೂ ಸೂಜಿಮೊನೆಯಂಥ ರಂಧ್ರಗಳನ್ನು ಮಾಡಬಲ್ಲದು. ಸಂಕ್ಷೇಪವಾಗಿ ಹೇಳುವುದಾದರೆ, ನಮ್ಮ ಬಯಲುಸೀಮೆಯಲ್ಲಿ ಗೀಜರು ಒಳಗೆ ಸುಣ್ಣಗಟ್ಟಿ ಕೆಡುತ್ತದೆ. ಕರಾವಳಿಯಲ್ಲಿ ತುಕ್ಕು ತಿಂದು ಕೆಡುತ್ತದೆ. ಸುಣ್ಣವನ್ನು ತೆಗೆಯಬಹುದು, ತುಕ್ಕು ತಿಂದ ಟ್ಯಾಂಕನ್ನು ಮರಳಿ ತರಲಾಗದು.

ತಾನು ಸವೆದು ಟ್ಯಾಂಕನ್ನು ಉಳಿಸುವ ಕಡ್ಡಿ

ಗೀಜರಿನ ಉಕ್ಕಿನ ಟ್ಯಾಂಕಿನೊಳಗೆ ಮೆಗ್ನೀಸಿಯಂ ಲೋಹದ ಒಂದು ಕಡ್ಡಿಯಿರುತ್ತದೆ. ಅದನ್ನು ಆನೋಡ್ ಎನ್ನುವರು. ನೀರು ಟ್ಯಾಂಕನ್ನು ತಿನ್ನುವ ಬದಲು ಮೊದಲು ಈ ಕಡ್ಡಿಯನ್ನು ತಿನ್ನುತ್ತದೆ. ಕಡ್ಡಿ ಇರುವವರೆಗೆ ಟ್ಯಾಂಕು ಕ್ಷೇಮ. ಈ ತತ್ವ ಹೊಸದಲ್ಲ. ಕಿತ್ತೂರಿನ ರಾಣಿ ಚೆನ್ನಮ್ಮ ಥ್ಯಾಕರೆಯ ಸೈನ್ಯವನ್ನು ಸೋಲಿಸಿದ 1824ರಲ್ಲಿಯೇ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ, ಹಡಗುಗಳ ತಳಕ್ಕೆ ಹೊದಿಸಿದ ತಾಮ್ರವನ್ನು ಕಡಲ ನೀರಿನಿಂದ ಕಾಪಾಡಲು ಸತು ಅಥವಾ ಕಬ್ಬಿಣದ ತುಂಡು ಜೋಡಿಸುವ ಉಪಾಯವನ್ನು ಪ್ರಕಟಿಸಿದರು. ಇಂದು ನಮ್ಮ ಬಚ್ಚಲಮನೆಗಳಲ್ಲಿ ನಡೆಯುತ್ತಿರುವುದೂ ಅದೇ ಉಪಾಯ.

ಆದರೆ ಕಡ್ಡಿಯೊಂದು ಒಳಗಿದೆಯೆಂಬುದೇ ಬಹುಮಂದಿಗೆ ತಿಳಿಯದು. ತಮ್ಮನ ಮನೆಯಲ್ಲಿ ಎಂಟು ವರ್ಷ ಯಾರೂ ಅದನ್ನು ನೋಡಿರಲಿಲ್ಲ. ಬಿಚ್ಚಿದಾಗ ಕಂಡುದು ಒಂದು ತುಂಡು ತಂತಿ ಮಾತ್ರ! ಕರಾವಳಿಯಲ್ಲಿ ವರ್ಷಕ್ಕೊಮ್ಮೆ, ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಕಡ್ಡಿಯನ್ನು ನೋಡಿಸಬೇಕು. ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸಬೇಕು. ಹೊಸ ಗೀಜರಿನ ಬೆಲೆಯ ಮುಂದೆ ಇದರ ಖರ್ಚು ಅತ್ಯಲ್ಪ.

ಲಕ್ಷಣ ನೋಡಿ ನಿರ್ಧಾರ

ರೋಗಿಯ ನಾಡಿ ನೋಡುವಂತೆ ಗೀಜರಿನ ಲಕ್ಷಣಗಳನ್ನೂ ನೋಡಬೇಕು.

ನೀರು ತಡವಾಗಿ ಕಾಯುತ್ತಿದ್ದರೆ ಮೊದಲು ವೋಲ್ಟೇಜು ನೋಡಿರಿ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು ಒಂದು ಯೂನಿಟ್ಟು ವಿದ್ಯುತ್ ಬೇಕು. 2000 ವ್ಯಾಟಿನ ಕಾಯಿಲಿಗೆ ಅದು ಅರ್ಧ ಗಂಟೆಯ ಕೆಲಸ. ಆದರೆ 230 ವೋಲ್ಟಿಗೆ ಬದಲು 180 ವೋಲ್ಟು ಬಂದರೆ ಅದೇ ಕಾಯಿಲು 1200 ವ್ಯಾಟಿನಷ್ಟೇ ಕೆಲಸ ಮಾಡುತ್ತದೆ. ಆಗ ದೋಷ ಗೀಜರಿನದಲ್ಲ.

ನೀರು ಕಾಯುವುದೇ ಇಲ್ಲವಾದರೆ ಕಾಯಿಲು, ಥರ್ಮೋಸ್ಟ್ಯಾಟು, ಅಥವಾ ಅತಿಯಾಗಿ ಕಾದಾಗ ವಿದ್ಯುತ್ ಕಡಿಯುವ ಸಾಧನ ಕೆಟ್ಟಿರುತ್ತದೆ. ಮೂರೂ ಬಿಡಿಭಾಗಗಳೇ, ದುರಸ್ತಿ ಸಾಕು.

ಕಾಯುವಾಗ ಒಳಗೆ ಗುಡುಗುಡು ಸದ್ದಾದರೆ, ಬಿಸಿನೀರು ಮೊದಲಿಗಿಂತ ಬೇಗ ಮುಗಿದರೆ, ಸುಣ್ಣ ತುಂಬಿದೆಯೆಂದು ತಿಳಿಯಬೇಕು. ವಿದ್ಯುತ್ ಕಡಿದು, ನೀರು ಖಾಲಿ ಮಾಡಿಸಿ, ಬಲ್ಲವರಿಂದ ಕಾಯಿಲನ್ನು ತೆಗೆಸಿ ನಿಂಬೆ ಉಪ್ಪಿನ ನೀರಿನಲ್ಲಿ ನೆನೆಯಿಟ್ಟರೆ ಪದರು ಬಿಡುತ್ತದೆ. ಪಾಯಿಖಾನೆ ತೊಳೆಯುವ ಆ್ಯಸಿಡ್ಡನ್ನು ಎಂದಿಗೂ ಬಳಸಕೂಡದು. ಅದು ಸುಣ್ಣದೊಂದಿಗೆ ಲೋಹವನ್ನೂ ತಿನ್ನುತ್ತದೆ.

ಕಾಯುವ ಹೊತ್ತಿನಲ್ಲಿ ಮಾತ್ರ ವಾಲ್ವಿನಿಂದ ಹನಿ ಬಿದ್ದರೆ ಗಾಬರಿ ಬೇಡ. ಕಾದ ನೀರು ಹಿಗ್ಗುತ್ತದೆ; 25 ಲೀಟರ್ ನೀರು ಅರ್ಧ ಲೀಟರಿಗೆ ಸಮೀಪದಷ್ಟು ಹೆಚ್ಚುತ್ತದೆ. ಆ ಹೆಚ್ಚಳ ಹೊರಹೋಗಲೆಂದೇ ವಾಲ್ವು ಇರುವುದು. ಹನಿ ನಿಲ್ಲಿಸಲು ಅದನ್ನು ಮುಚ್ಚಿಬಿಟ್ಟರೆ ಟ್ಯಾಂಕು ಸಿಡಿಯುವ ಅಪಾಯವಿದೆ. ಹಗಲಿರುಳೂ ಹನಿ ಬೀಳುತ್ತಿದ್ದರೆ ವಾಲ್ವನ್ನು ಬದಲಿಸಬೇಕು. ತಳದ ಮುಚ್ಚಳದ ಸುತ್ತ ಒಸರಿದರೆ ರಬ್ಬರಿನ ವಾಶರು ಹೋಗಿದೆಯೆಂದರ್ಥ. ಅದೂ ಸಣ್ಣ ದುರಸ್ತಿಯೇ.

ಬಿಸಿನೀರು ಮಾತ್ರ ಕೆಂಪಾಗಿ ಬಂದು, ಹೊರ ಕವಚದ ಸಂದಿಯಿಂದ ನೀರು ಒಸರತೊಡಗಿದರೆ ಟ್ಯಾಂಕು ತೂತಾಗಿದೆ. ಇದಕ್ಕೆ ಮಾತ್ರ ಮದ್ದಿಲ್ಲ. ಬೆಸುಗೆ ಹಾಕಿಸಿದರೆ ಒಳಗಿನ ಗಾಜಿನ ಲೇಪ ಸುಟ್ಟು, ತಿಂಗಳೊಪ್ಪತ್ತಿನಲ್ಲಿ ಪಕ್ಕದಲ್ಲಿಯೇ ಇನ್ನೊಂದು ತೂತು ಬೀಳುತ್ತದೆ. ಹೊಸದನ್ನು ಕೊಳ್ಳುವುದೇ ಸರಿ. ಟ್ಯಾಂಕು ಗಟ್ಟಿಯಿದ್ದರೂ ಗೀಜರಿಗೆ ಹತ್ತು ವರ್ಷ ಮೀರಿ, ದುರಸ್ತಿಯ ಖರ್ಚು ಹೊಸದರ ಅರ್ಧ ಬೆಲೆ ಮುಟ್ಟುವಂತಿದ್ದರೂ ಬದಲಾವಣೆಯೇ ಮೇಲು.

ಹೊಸದನ್ನು ಕೊಳ್ಳುವಾಗ

ಬಯಲುಸೀಮೆಯವರು ಕಾಯಿಲನ್ನು ಸುಲಭವಾಗಿ ಬಿಚ್ಚಿ ತೊಳೆಯಬಹುದಾದ ಗೀಜರನ್ನು ಕೇಳಿ ಕೊಳ್ಳಬೇಕು. ಕರಾವಳಿಯವರು ಗಾಜಿನ ಲೇಪದ ಟ್ಯಾಂಕು, ದಪ್ಪನೆಯ ಆನೋಡ್, ತುಕ್ಕು ಹಿಡಿಯದ ಪ್ಲಾಸ್ಟಿಕ್ಕಿನ ಹೊರಕವಚ ಇವುಗಳನ್ನು ನೋಡಬೇಕು. ಸ್ಟೀಲಿನ ಟ್ಯಾಂಕೇ ಬೇಕೆಂದರೆ 304ಕ್ಕಿಂತ 316 ದರ್ಜೆಯದು ಉಪ್ಪನ್ನು ಹೆಚ್ಚು ತಡೆಯುತ್ತದೆ. ಗೀಜರಿನ ಮೇಲಿನ ನಕ್ಷತ್ರಗಳು ಕಾದ ನೀರು ಸುಮ್ಮನೆ ನಿಂತಾಗ ಎಷ್ಟು ಕಡಿಮೆ ಬಿಸಿ ಸೋರುತ್ತದೆಂಬುದನ್ನು ತಿಳಿಸುತ್ತವೆ. ಸುಣ್ಣವನ್ನಾಗಲಿ ತುಕ್ಕನ್ನಾಗಲಿ ತಡೆಯುವ ಶಕ್ತಿಯನ್ನಲ್ಲ.

ವರ್ಷದ ಬಹುಭಾಗ ಬಿಸಿಲುಳ್ಳ ನಮ್ಮ ಸೀಮೆಗೆ ಸೌರ ನೀರೊಲೆ ತಕ್ಕುದು. ಆದರೆ ಗಡಸು ನೀರು ಅದರ ಕೊಳವೆಗಳಲ್ಲಿಯೂ ಸುಣ್ಣ ಕಟ್ಟುತ್ತದೆ. ವರ್ಷಕ್ಕೊಮ್ಮೆ ತೊಳೆಸುವ ಏರ್ಪಾಡು ಇರಬೇಕು. ಕರಾವಳಿಯ ಮಳೆಗಾಲದಲ್ಲಿ ಸೂರ್ಯನನ್ನೇ ನಂಬಿ ಕೂರುವಂತಿಲ್ಲ. ಜೊತೆಗೆ ವಿದ್ಯುತ್ತಿನ ಆಸರೆ ಬೇಕು.

ಹಣ ಉಳಿಸಬಾರದ ಜಾಗ

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ನಳ ಮುಟ್ಟಿದಾಗ ಜುಮ್ಮೆಂದರೆ ಆ ಕ್ಷಣವೇ ಮೇನ್ ಆರಿಸಿರಿ. ದೋಷ ಸಿಗುವವರೆಗೆ ಗೀಜರು ಹಚ್ಚಬೇಡಿರಿ. ಗೀಜರಿಗೆ 16 ಆಂಪಿಯರಿನ ಪ್ರತ್ಯೇಕ ಪಾಯಿಂಟು, ಸರಿಯಾದ ಅರ್ಥಿಂಗ್, ವಿದ್ಯುತ್ 30 ಮಿಲಿಆಂಪಿಯರಿನಷ್ಟು ಸೋರಿದೊಡನೆ ಕಡಿತಗೊಳಿಸುವ ಆರ್‌ಸಿಸಿಬಿ ಈ ಮೂರೂ ಇರಲೇಬೇಕು. ಆರ್‌ಸಿಸಿಬಿ ಮತ್ತೆ ಮತ್ತೆ ಬೀಳುತ್ತದೆಂದು ಅದನ್ನು ಬಳಸಿ ತಂತಿ ಎಳೆಯಿಸಿದವರುಂಟು. ಅದು ಬೀಳುವುದು ನಮ್ಮನ್ನು ಕಾಡಲಿಕ್ಕಲ್ಲ, ಕಾಯಲಿಕ್ಕೆ. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ಥಿಂಗಿನ ಗುಂಡಿಗೆ ನೀರು ಹಾಕುವುದನ್ನು ಮರೆಯಬಾರದು.

ಗ್ಯಾಸ್ ಗೀಜರು ಇರುವ ಮನೆಯವರು ಅದನ್ನು ಸ್ನಾನದ ಕೋಣೆಯ ಹೊರಗೆ, ಗಾಳಿ ಆಡುವ ಜಾಗದಲ್ಲಿ ಹಾಕಿಸತಕ್ಕದ್ದು. ಮುಚ್ಚಿದ ಕೋಣೆಯಲ್ಲಿ ಅದು ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನ ಮಾಡುತ್ತಿರುವವರು ಕೂಗುವ ಶಕ್ತಿಯನ್ನೂ ಕಳೆದುಕೊಂಡು ಕುಸಿಯುತ್ತಾರೆ. ಮಕ್ಕಳು, ಹಿರಿಯರು ಇರುವ ಮನೆಯಲ್ಲಿ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬಿಡುವ ರೂಢಿಯಿರಲಿ. 60 ಡಿಗ್ರಿಯ ನೀರು ಕೆಲವೇ ಕ್ಷಣಗಳಲ್ಲಿ ಚರ್ಮವನ್ನು ಸುಡುತ್ತದೆ.

ದೀಪಾವಳಿಗೆ ಹಂಡೆ ಬೆಳಗುತ್ತಿದ್ದ ನಮ್ಮ ತಾಯಂದಿರಿಗೆ ವರ್ಷಕ್ಕೊಮ್ಮೆ ನೀರಿನ ಪಾತ್ರೆಯ ಒಳಗನ್ನು ನೋಡುವ ಪದ್ಧತಿಯಿತ್ತು. ಹಂಡೆ ಹೋಯಿತು, ಪದ್ಧತಿ ಹೋಗಬೇಕಿಲ್ಲ. ನೀರು ತುಂಬುವ ಹಬ್ಬದ ಮುಂಚಿನ ವಾರದಲ್ಲಿ ಗೀಜರಿನ ಕಾಯಿಲು, ಆನೋಡ್, ವಾಲ್ವು, ಅರ್ಥಿಂಗ್ ಈ ನಾಲ್ಕನ್ನೂ ಬಲ್ಲವರಿಂದ ನೋಡಿಸುವುದೆಂದು ನಮ್ಮ ಮನೆಯಲ್ಲಿ ಈಗ ನಿಶ್ಚಯಿಸಿದ್ದೇವೆ. ಕಾರವಾರದ ತಮ್ಮನೂ ಒಪ್ಪಿದ್ದಾನೆ. ಅವ್ವ ಎಂದಿನಂತೆ ಐದಕ್ಕೇ ಏಳುತ್ತಾರೆ. ಆದರೆ ಈಗ ಅವರು ಬಚ್ಚಲಿನಿಂದ ಬಂದು ಏನಾದರೂ ಹೇಳಿದರೆ, ನಾನು ಕೆಲಸ ಬಿಟ್ಟು ಕೇಳುತ್ತೇನೆ.