ಹೇಳಲು ನಾಚುವ ತೊಂದರೆಗೆ ಪೆಲ್ವಿಕ್ ಫಿಸಿಯೋಥೆರಪಿ

ಕೆಮ್ಮಿದಾಗ, ಸೀನಿದಾಗ, ತುಂಬಿದ ಬಿಂದಿಗೆ ಎತ್ತಿದಾಗ ಹನಿ ಮೂತ್ರ ಜಾರುವುದು. ಶೌಚಾಲಯದ ಬಾಗಿಲು ಮುಟ್ಟುವಷ್ಟರಲ್ಲಿ ಬಟ್ಟೆ ಒದ್ದೆಯಾಗುವುದು. ಹೆರಿಗೆಯ ನಂತರ ಕೆಳಗೆ ಏನೋ ಇಳಿದು ಬಂದಂತೆ ಭಾರವಾಗುವುದು. ದಾಂಪತ್ಯದಲ್ಲಿ ಕೂಡುವಾಗ ನೋವಾಗುವುದು. ಇಂಥ ತೊಂದರೆಗಳನ್ನು ಸ್ನಾಯುಗಳ ತರಬೇತಿಯ ಮೂಲಕ ಸರಿಪಡಿಸುವ ಚಿಕಿತ್ಸೆಯೇ ಪೆಲ್ವಿಕ್ ಫಿಸಿಯೋಥೆರಪಿ. ಮುರಿದ ಕೈಗೂ ಹಿಡಿದ ಮಂಡಿಗೂ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಯದೇ ಒಂದು ಕವಲು ಇದು.

ಸೊಂಟದ ಮೂಳೆಗಳು ಸೇರಿ ಆದ ಗೂಡಿಗೆ ಕೆಳಗಡೆ ಮೂಳೆಯ ತಳವಿಲ್ಲ. ಮುಂದಿನ ಗುಹ್ಯಾಸ್ಥಿಯಿಂದ ಹಿಂದಿನ ಬಾಲದ ಮೂಳೆಯವರೆಗೆ ಕಟ್ಟಿದ ಜೋಲಿಯಂಥ ಸ್ನಾಯುಗಳ ಹಾಸೇ ಅದಕ್ಕೆ ತಳ. ಮೂತ್ರಕೋಶ, ಗರ್ಭಕೋಶ, ಗುದನಾಳಗಳು ಈ ಜೋಲಿಯ ಆಸರೆಯಲ್ಲಿವೆ. ದಿನವಿಡೀ ಸದ್ದಿಲ್ಲದೆ ಬಿಗಿಹಿಡಿದಿದ್ದು, ಮಲಮೂತ್ರ ವಿಸರ್ಜಿಸುವಾಗ ಸಡಿಲಗೊಂಡು, ಕೆಮ್ಮಿದ ಕ್ಷಣದಲ್ಲಿ ಥಟ್ಟನೆ ಮೇಲಕ್ಕೆ ಸೆಳೆದುಕೊಳ್ಳುವುದು ಅದರ ಕೆಲಸ. ಹೆರಿಗೆಯಲ್ಲಿ ಮಗುವಿನ ತಲೆ ಹಾದುಬರುವಾಗ ಈ ಸ್ನಾಯುಗಳು ವಿಪರೀತ ಹಿಗ್ಗುತ್ತವೆ, ಕೆಲವೊಮ್ಮೆ ಹರಿಯುತ್ತವೆ. ವರ್ಷಗಟ್ಟಲೆ ಮಲಬದ್ಧತೆಯಿಂದ ಮುಕ್ಕುವುದು, ಬಿಡದ ಕೆಮ್ಮು, ಭಾರ ಹೊರುವ ದುಡಿಮೆ, ಮುಟ್ಟು ನಿಂತ ಮೇಲೆ ಹಾರ್ಮೋನು ಇಳಿಯುವುದು ಇವೂ ತಮ್ಮ ಪಾಲು ಸೇರಿಸುತ್ತವೆ. ‘ಮಕ್ಕಳಾದ ಮೇಲೆ ಇದೆಲ್ಲ ಇದ್ದದ್ದೇ’ ಎಂಬ ಸಮಾಧಾನದ ಮಾತು ಮನೆಮನೆಯಲ್ಲೂ ಕೇಳಿಬರುತ್ತದೆ. ಇಂಥ ತೊಂದರೆ ಬಹಳ ಜನರಿಗಿದೆ ಎಂಬುದು ನಿಜ. ಅದನ್ನು ಸಹಿಸಿಕೊಂಡೇ ಇರಬೇಕು ಎಂಬುದು ಸುಳ್ಳು. ಕೆಮ್ಮು ಸೀನಿಗೆ ಮೂತ್ರ ಜಾರುವ ಮಹಿಳೆಯರ ಅಧ್ಯಯನಗಳನ್ನು 2018ರಲ್ಲಿ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವರದಿಯ ಪ್ರಕಾರ, ಈ ಸ್ನಾಯುಗಳ ತರಬೇತಿ ಪಡೆದವರಲ್ಲಿ ನೂರಕ್ಕೆ 56 ಮಂದಿ ಗುಣವಾಯಿತೆಂದು ಹೇಳಿದರು. ಪಡೆಯದವರಲ್ಲಿ ಹಾಗೆ ಹೇಳಿದವರು 6 ಮಂದಿ.

ಅಮೆರಿಕದ ಸ್ತ್ರೀರೋಗ ತಜ್ಞ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದ ಲೇಖನದಿಂದ ‘ಕೆಗೆಲ್ ವ್ಯಾಯಾಮ’ ಎಂಬ ಹೆಸರು ಬಂತು. ಆದರೆ ಕೆಗೆಲ್ ಬರೀ ಬಾಯಿಮಾತಿನಲ್ಲಿ ಹೇಳಿ ಕಳಿಸಿದವರಲ್ಲ. ಸ್ನಾಯು ಎಷ್ಟು ಒತ್ತುತ್ತಿದೆ ಎಂದು ತೋರಿಸುವ ಪೆರಿನಿಯೋಮೀಟರ್ ಎಂಬ ಸಾಧನ ರೂಪಿಸಿ, ಹೆಂಗಸರು ಮುಳ್ಳು ಏರುವುದನ್ನು ಕಣ್ಣಾರೆ ನೋಡುತ್ತಲೇ ಕಲಿಯುವಂತೆ ಮಾಡಿದ್ದರು. ವ್ಯಾಯಾಮದ ಹೆಸರು ಜಗತ್ತೆಲ್ಲ ಹರಡಿತು, ಪರೀಕ್ಷಿಸಿ ಕಲಿಸುವ ಕ್ರಮ ಹಿಂದೆ ಉಳಿಯಿತು. ಇದರ ಪರಿಣಾಮ 1991ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಕಂಡಿತು: ಬಾಯಿಮಾತಿನ ಸೂಚನೆ ಕೇಳಿದ 47 ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಸರಿಯಾಗಿ ಮಾಡಿದರು, ಕಾಲು ಭಾಗದಷ್ಟು ಮಂದಿ ತೊಂದರೆಯನ್ನು ಹೆಚ್ಚಿಸಬಹುದಾದ ರೀತಿಯಲ್ಲಿ ಮಾಡುತ್ತಿದ್ದರು. ಮೇಲೆ ಸೆಳೆಯುವ ಬದಲು ಕೆಳಕ್ಕೆ ಮುಕ್ಕುವುದೇ ಆ ತಪ್ಪು. ಮೊಬೈಲಿನ ವಿಡಿಯೋ ನೋಡಿ ತಿಂಗಳುಗಟ್ಟಲೆ ವ್ಯಾಯಾಮ ಮಾಡಿ ‘ಏನೂ ಪ್ರಯೋಜನವಾಗಲಿಲ್ಲ’ ಎಂದು ಕೈಬಿಟ್ಟವರು ಒಮ್ಮೆ ಪರೀಕ್ಷಿಸಿಕೊಳ್ಳಬೇಕಾದದ್ದು ಇದಕ್ಕಾಗಿಯೇ.

ಮೊದಲ ಭೇಟಿಯ ಹೆಚ್ಚಿನ ಪಾಲು ಮಾತಿನಲ್ಲೇ ಕಳೆಯುತ್ತದೆ. ಹೆರಿಗೆ ಎಷ್ಟಾಯಿತು, ಸಹಜವೋ ಸಿಸೇರಿಯನ್ನೋ, ಹೊಲಿಗೆ ಬಿದ್ದಿತ್ತೇ, ಮೂತ್ರ ಯಾವಾಗ ಜಾರುತ್ತದೆ, ದಿನಕ್ಕೆ ಎಷ್ಟು ಪ್ಯಾಡ್ ಬೇಕಾಗುತ್ತದೆ, ರಾತ್ರಿ ಎಷ್ಟು ಸಲ ಏಳಬೇಕು, ಮಲ ವಿಸರ್ಜನೆ ಸಲೀಸೇ, ಯಾವ ಮಾತ್ರೆ ನಡೆಯುತ್ತಿದೆ, ಕೂಡುವಾಗ ನೋವಿದೆಯೇ ಎಂಬ ಪ್ರಶ್ನೆಗಳು ಬರುತ್ತವೆ. ಎಲ್ಲಕ್ಕೂ ಉತ್ತರಿಸಲೇಬೇಕೆಂಬ ಒತ್ತಾಯವಿಲ್ಲ. ಅತ್ತೆಯೋ ಗಂಡನೋ ಎದುರಿಗಿದ್ದರೆ ಬಾಯಿ ಬಿಡಲಾಗದ ಸಂಗತಿಗಳಿರುತ್ತವೆ. ಅವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುವಂತೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ‘ಒಂದಕ್ಕೆ ತಡೆಯಲಾಗುತ್ತಿಲ್ಲ’, ‘ಕೆಳಗೆ ಗಡ್ಡೆ ತರಹ ಸಿಗುತ್ತದೆ’ ಎಂದು ಮನೆಮಾತಿನಲ್ಲಿ ಹೇಳಿದರೆ ಸಾಕು, ವೈದ್ಯಕೀಯ ಪದ ಬೇಕಿಲ್ಲ.

ನಂತರ ಪರೀಕ್ಷೆ. ಮೊದಲು ನಿಲುವು, ಉಸಿರಾಟ, ಬೆನ್ನು, ಸೊಂಟದ ಚಲನೆ ನೋಡುತ್ತಾರೆ. ಬಸಿರಿನಲ್ಲಿ ಹೊಟ್ಟೆಯ ನಡುವಿನ ಸ್ನಾಯುಗಳು ಅಗಲಿದ್ದು ಮತ್ತೆ ಕೂಡಿಕೊಂಡಿವೆಯೇ ಎಂದು ಹೊಕ್ಕುಳ ಸುತ್ತ ಬೆರಳಿಟ್ಟು ಅಳೆಯುತ್ತಾರೆ. ಆಮೇಲಿನದು ಒಳಪರೀಕ್ಷೆ, ಬಹಳ ಜನ ಹೆದರಿ ಹಿಂದೆ ಸರಿಯುವುದು ಇಲ್ಲಿಯೇ. ಏನು ಮಾಡುತ್ತಾರೆ, ಏಕೆ ಮಾಡುತ್ತಾರೆ ಎಂಬುದನ್ನು ಮೊದಲು ವಿವರಿಸಿ ಒಪ್ಪಿಗೆ ಕೇಳಬೇಕು. ಹೊದಿಕೆ ಹೊದಿಸಿ, ಕೈಗವಸು ಹಾಕಿಕೊಂಡು, ಒಂದು ಬೆರಳನ್ನು ಯೋನಿಯೊಳಗೆ ಮೆಲ್ಲಗೆ ಇಟ್ಟು ಸ್ನಾಯುವಿನ ಬಲ, ಬಿಗಿ, ನೋವಿನ ಜಾಗಗಳನ್ನು ಗುರುತಿಸುತ್ತಾರೆ. ಸಾಮಾನ್ಯವಾಗಿ ಸ್ಪೆಕ್ಯುಲಂ ಎಂಬ ಲೋಹದ ಉಪಕರಣ ಬಳಸುವುದಿಲ್ಲ. ಜೊತೆಗೊಬ್ಬ ಮಹಿಳೆ ಇರಲಿ ಎಂದು ಕೇಳಬಹುದು. ‘ಇವತ್ತು ಬೇಡ’ ಎನ್ನಬಹುದು, ಒಪ್ಪಿದ ಮೇಲೂ ನಡುವೆ ‘ಸಾಕು’ ಎನ್ನಬಹುದು. ಆ ಮಾತಿಗೆ ಕೈ ನಿಲ್ಲಿಸದವರ ಬಳಿ ಮತ್ತೆ ಹೋಗಬೇಕಾಗಿಲ್ಲ. ಮದುವೆಯಾಗದವರಿಗೆ, ಒಳಪರೀಕ್ಷೆ ಒಲ್ಲದವರಿಗೆ ಕಿಬ್ಬೊಟ್ಟೆಯ ಮೇಲಿಂದ ಅಲ್ಟ್ರಾಸೌಂಡ್ ಹಿಡಿದು ಸ್ನಾಯು ಮೂತ್ರಕೋಶದ ತಳವನ್ನು ಮೇಲೆತ್ತುವುದನ್ನು ನೋಡುವ ದಾರಿಯೂ ಇದೆ.

ಬಲವನ್ನು 0ಯಿಂದ 5ರವರೆಗಿನ ಆಕ್ಸ್‌ಫರ್ಡ್ ಮಾನದಲ್ಲಿ ಬರೆದುಕೊಳ್ಳುತ್ತಾರೆ. ಎಷ್ಟು ಸೆಕೆಂಡು ಹಿಡಿಯಲಾಗುತ್ತದೆ, ಎಷ್ಟು ಸಲ ಮರುಕಳಿಸಲಾಗುತ್ತದೆ ಎಂಬುದನ್ನೂ ಎಣಿಸುತ್ತಾರೆ. ವ್ಯಾಯಾಮದ ಲೆಕ್ಕ ಹುಟ್ಟುವುದು ಇದರಿಂದ: ನಾಲ್ಕೇ ಸೆಕೆಂಡು ಹಿಡಿಯಬಲ್ಲವರಿಗೆ ಹತ್ತು ಸೆಕೆಂಡಿನ ವ್ಯಾಯಾಮ ಕೊಟ್ಟರೆ ಉಳಿದ ಆರು ಸೆಕೆಂಡು ತೊಡೆ, ಪೃಷ್ಠದ ಸ್ನಾಯುಗಳೇ ದುಡಿಯುತ್ತವೆ. ಹೂಸನ್ನು ತಡೆದು ಹಿಡಿಯುವಂತೆ ಗುದದ್ವಾರವನ್ನು ಬಿಗಿದು, ಆ ಬಿಗಿಯನ್ನು ಮುಂದಕ್ಕೂ ಮೇಲಕ್ಕೂ ಎಳೆದುಕೊಳ್ಳುವುದು, ಉಸಿರು ಕಟ್ಟದಿರುವುದು, ಹಿಡಿದಷ್ಟೇ ಹೊತ್ತು ಪೂರ್ತಿ ಸಡಿಲಬಿಡುವುದು ಈ ಪಾಠದ ತಿರುಳು. ಸಡಿಲಬಿಡುವುದನ್ನು ಕಲಿಯದೆ ಹಿಡಿಯುವುದನ್ನಷ್ಟೇ ಕಲಿತರೆ ಪಾಠ ಅರ್ಧವಾದಂತೆ. ಹರಿಯುವ ಮೂತ್ರವನ್ನು ನಡುವೆ ತಡೆಯುವುದನ್ನು ಮಾತ್ರ ದಿನದ ಅಭ್ಯಾಸ ಮಾಡಿಕೊಳ್ಳಬಾರದು, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ದಿನಕ್ಕೆ ಮೂರು ಸಲ, ಸಲಕ್ಕೆ ಕನಿಷ್ಠ 8 ಬಿಗಿತಗಳಂತೆ, ತಜ್ಞರ ಉಸ್ತುವಾರಿಯಲ್ಲಿ ಕನಿಷ್ಠ 3 ತಿಂಗಳ ತರಬೇತಿ ಹೇಳುತ್ತದೆ. ವಾರದಲ್ಲಿ ಫಲ ಕಾಣುವ ಚಿಕಿತ್ಸೆ ಇದಲ್ಲ. ಬೇಗ ಉಪಯೋಗಕ್ಕೆ ಬರುವ ಉಪಾಯವೊಂದಿದೆ: ಕೆಮ್ಮು ಬರುವ, ಭಾರ ಎತ್ತುವ ಕ್ಷಣಕ್ಕೆ ಮುಂಚೆ ಸ್ನಾಯುವನ್ನು ಬಿಗಿದುಕೊಳ್ಳುವುದು. ಸ್ನಾಯುವನ್ನು ಗುರುತಿಸಲಾಗದವರಿಗೆ ಅದರ ಬಿಗಿತವನ್ನು ಕಣ್ಣಿಗೆ ಕಾಣುವಂತೆ ತೋರಿಸುವ ಬಯೋಫೀಡ್‌ಬ್ಯಾಕ್, ವಿದ್ಯುತ್ ಪ್ರಚೋದನೆಯ ಯಂತ್ರಗಳೂ ಇವೆ. ಎಲ್ಲರಿಗೂ ಅವು ಬೇಕಾಗಿಲ್ಲ.

ತಡೆಯಲಾಗದ ಅವಸರದ ತೊಂದರೆಯಿದ್ದರೆ ಮೂತ್ರಕೋಶಕ್ಕೇ ಹೊಸ ಅಭ್ಯಾಸ ಕಲಿಸಬೇಕು. ಬಸ್ಸು ಹತ್ತುವ ಮುಂಚೆ, ಮನೆ ಬಿಡುವ ಮುಂಚೆ ‘ಇರಲಿ’ ಎಂದು ಹೋಗಿ ಬರುವ ರೂಢಿ ಮೂತ್ರಕೋಶ ಅರ್ಧ ತುಂಬುವಾಗಲೇ ಗೋಗರೆಯುವಂತೆ ಮಾಡುತ್ತದೆ. ಅಂತರವನ್ನು ಹತ್ತು ಹದಿನೈದು ನಿಮಿಷಗಳಂತೆ ನಿಧಾನವಾಗಿ ಹೆಚ್ಚಿಸುತ್ತ ಹೋಗುತ್ತಾರೆ. ಕೆಲಸದ ಜಾಗದಲ್ಲಿ ಶೌಚಾಲಯವಿಲ್ಲದ ಕಾರಣ ಬೆಳಗಿನಿಂದ ನೀರೇ ಕುಡಿಯದೆ ದುಡಿಯುವ ಹೆಂಗಸರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ. ಗಟ್ಟಿಯಾದ ಮೂತ್ರ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ. ಇದಕ್ಕೆ ಮದ್ದು ವ್ಯಾಯಾಮವಲ್ಲ, ಶೌಚಾಲಯ.

ಎಲ್ಲರ ಸ್ನಾಯುವೂ ದುರ್ಬಲವೆಂದು ತಿಳಿಯುವುದು ತಪ್ಪು. ಕೂಡುವಾಗಿನ ನೋವು, ಯೋನಿಯ ಸ್ನಾಯು ತಾನಾಗಿಯೇ ಬಿಗಿದುಕೊಳ್ಳುವ ವಜೈನಿಸ್ಮಸ್, ಬಹುಕಾಲದ ಕಿಬ್ಬೊಟ್ಟೆ ನೋವು ಇರುವ ಹಲವರಲ್ಲಿ ಸ್ನಾಯು ಸಡಿಲವಾಗುವುದನ್ನೇ ಮರೆತು ಸದಾ ಬಿಗಿದುಕೊಂಡಿರುತ್ತದೆ. ಅಂಥವರು ಕೆಗೆಲ್ ಮಾಡಿದರೆ ನೋವು ಹೆಚ್ಚಬಹುದು. ಹೊಟ್ಟೆಯುಬ್ಬುವಂತೆ ಆಳವಾಗಿ ಉಸಿರಾಡುವುದು, ನೋವಿನ ಬಿಂದುಗಳನ್ನು ಬೆರಳಿನಿಂದ ಮೃದುವಾಗಿ ಒತ್ತಿ ಬಿಡಿಸುವುದು, ಯೋನಿಯೊಳಗೆ ಇಟ್ಟುಕೊಳ್ಳುವ, ಸಣ್ಣದರಿಂದ ದೊಡ್ಡದಕ್ಕೆ ಏರುವ ಡೈಲೇಟರುಗಳ ಅಭ್ಯಾಸ ಅವರ ಚಿಕಿತ್ಸೆ. ಮಲಬದ್ಧತೆಯವರಿಗೆ ಮೊದಲ ಸಲಹೆ ಕೂರುವ ಭಂಗಿಯದು: ಕಮೋಡಿನಲ್ಲಿ ಕೂತಾಗ ಕಾಲಡಿ ಮಣೆಯಿಟ್ಟು ಮಂಡಿಗಳು ಸೊಂಟಕ್ಕಿಂತ ಮೇಲಿರುವಂತೆ ಬಾಗಿದರೆ ಗುದನಾಳದ ಸುತ್ತಲಿನ ಸ್ನಾಯು ಸಡಿಲಗೊಳ್ಳುತ್ತದೆ.

ಗರ್ಭಕೋಶ ಜಾರುವಿಕೆ ಆರಂಭದ ಹಂತದಲ್ಲಿದ್ದರೆ ತರಬೇತಿಯಿಂದ ಭಾರ, ಎಳೆತಗಳು ಕಡಿಮೆಯಾಗುತ್ತವೆ; ಮುಂದುವರಿದಿದ್ದರೆ ಪೆಸರಿ ಎಂಬ ಆಸರೆಯ ಬಳೆ ಅಥವಾ ಶಸ್ತ್ರಚಿಕಿತ್ಸೆಗಾಗಿ ಸ್ತ್ರೀರೋಗ ತಜ್ಞರ ಬಳಿಗೆ ಕಳಿಸುತ್ತಾರೆ. ಪ್ರಾಸ್ಟೇಟ್ ಗ್ರಂಥಿ ತೆಗೆಸಿಕೊಂಡ ಗಂಡಸರಿಗೂ ಮೂತ್ರದ ಹಿಡಿತ ಮರಳಿ ಪಡೆಯಲು ಇದೇ ತರಬೇತಿ.

ನಮ್ಮ ಬಾಣಂತನದಲ್ಲಿ ತಾಯಿಗೆ ವಿಶ್ರಾಂತಿ, ಎಣ್ಣೆನೀರು, ಆರೈಕೆ ಎಲ್ಲ ಸಿಗುತ್ತವೆ. ಸೊಂಟಕ್ಕೆ ಬಟ್ಟೆ ಕಟ್ಟುವುದರಿಂದ ಬೆನ್ನಿಗೆ ಹಾಯೆನಿಸಬಹುದು. ಒಳಗಿನ ಜೋಲಿಗೆ ಅದು ಬಲ ಕೊಡದು, ಬಿಗಿ ಅತಿಯಾದರೆ ಕೆಳಕ್ಕೆ ಒತ್ತಡವನ್ನೇ ಹೆಚ್ಚಿಸೀತು. ಹೊಲಿಗೆ ಮಾಯುತ್ತಿದ್ದಂತೆ, ವೈದ್ಯರು ಒಪ್ಪಿದ ಮೇಲೆ, ಮಲಗಿದಲ್ಲೇ ಹಗುರವಾಗಿ ಬಿಗಿದು ಬಿಡುವ ಅಭ್ಯಾಸ ಶುರುಮಾಡಬಹುದು.

ಪೆಲ್ವಿಕ್ ಆರೋಗ್ಯದಲ್ಲಿ ಪ್ರತ್ಯೇಕ ತರಬೇತಿ ಪಡೆದ ಫಿಸಿಯೋಥೆರಪಿಸ್ಟರು ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ಸಿಗುತ್ತಾರೆ, ಸಣ್ಣ ಊರುಗಳಲ್ಲಿ ಇನ್ನೂ ಅಪರೂಪ. ದೂರದವರು ಮೊದಲ ಮಾತುಕತೆಯನ್ನು ವಿಡಿಯೋ ಕರೆಯಲ್ಲಿ ಮುಗಿಸಬಹುದು. ಮೂತ್ರದಲ್ಲಿ ರಕ್ತ, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಜ್ವರದೊಂದಿಗೆ ಉರಿಮೂತ್ರ ಇದ್ದರೆ ಮೊದಲು ವೈದ್ಯರನ್ನು ಕಾಣಬೇಕು. ಉಳಿದವರು ಏನು ಕುಡಿದೆವು, ಯಾವಾಗ ಹೋದೆವು, ಯಾವಾಗ ಜಾರಿತು ಎಂದು ಮೂರು ದಿನ ಬರೆದಿಟ್ಟ ಹಾಳೆ, ಹೆರಿಗೆಯ ಡಿಸ್ಚಾರ್ಜ್ ಚೀಟಿ, ಹಳೆಯ ಸ್ಕ್ಯಾನ್ ವರದಿಗಳೊಂದಿಗೆ, ಸಡಿಲವಾದ ಬಟ್ಟೆ ತೊಟ್ಟು ಹೋದರೆ ಸಾಕು. ಆ ದಿನ ಮುಟ್ಟಾಗಿದ್ದರೂ ಭೇಟಿಯನ್ನು ಮುಂದೂಡಬೇಕಾಗಿಲ್ಲ.