ಹಗೇವಿಗೆ ಇಳಿಯುವ ಮುನ್ನ: ಇಂಗಾಲಾಮ್ಲವನ್ನು ಅಳೆಯುವ ಕೈಮಾಪಕ



ಆವರಗೆರೆ, ಹರಿಹರದ ಸುತ್ತಿನ ಜೋಳದ ಸೀಮೆಯವರಿಗೆ ಹಗೇವಿನ ಪರಿಚಯ ಹೇಳಬೇಕಾಗಿಲ್ಲ. ಬಾಯಿಕಲ್ಲು ತೆಗೆದ ಕೂಡಲೇ ಇಳಿಯಬಾರದು, ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿದ ಮೇಲೆಯೇ ಇಳಿಯಬೇಕು ಎಂಬುದು ಹಿರಿಯರ ಕಟ್ಟಳೆ. ಮುಚ್ಚಿಟ್ಟ ಕಾಳು ಉಸಿರಾಡುತ್ತದೆ. ಒಳಗಿನ ಆಮ್ಲಜನಕವನ್ನು ಹೀರಿ ಇಂಗಾಲಾಮ್ಲವನ್ನು, ಅಂದರೆ ಕಾರ್ಬನ್ ಡೈಆಕ್ಸೈಡನ್ನು ಬಿಡುತ್ತದೆ. ಕಾಳಿನ ಹುಳು ಸಾಯುವುದೂ ಇದರಿಂದಲೇ, ಇಳಿದ ಮನುಷ್ಯ ಸಾಯುವುದೂ ಇದರಿಂದಲೇ.

ಹಗೇವು ಅಪರೂಪವಾದರೂ ಅಪಾಯ ನಮ್ಮನ್ನು ಬಿಟ್ಟಿಲ್ಲ. ತೋಟದ ಹಾಳುಬಾವಿ, ಗೋಬರ್ ಗ್ಯಾಸ್ ಗುಂಡಿ, ಪಲ್ಪರಿನ ಕೊಳೆನೀರು ನಿಲ್ಲುವ ತೊಟ್ಟಿ, ಎಲ್ಲವೂ ಇದೇ ಜಾತಿಯವು. ಈಚೆಗೆ ಕೆಲವು ಕಾಫಿ ತೋಟಗಳಲ್ಲಿ ಮುಚ್ಚಿದ ಡ್ರಮ್ಮುಗಳಲ್ಲಿ ಹಣ್ಣು ಹುಳಿಸುವ ಪದ್ಧತಿ ಬಂದಿದೆ. ಗಾಳಿಯಾಡದ ಕೋಣೆಯಲ್ಲಿ ಅದನ್ನು ಮಾಡಿದರೆ ಅಲ್ಲಿಯೂ ಈ ಅನಿಲ ತುಂಬಿಕೊಳ್ಳುತ್ತದೆ.

ಇಂಗಾಲಾಮ್ಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ. 1986ರ ಆಗಸ್ಟ್ 21ರಂದು ಆಫ್ರಿಕದ ಕ್ಯಾಮರೂನ್ ದೇಶದಲ್ಲಿ ನ್ಯೋಸ್ ಎಂಬ ಕೆರೆಯ ತಳದಿಂದ ಎದ್ದ ಈ ಅನಿಲ ಕಣಿವೆಗೆ ಹರಿದು ಸುಮಾರು 1,700 ಜನ ಸತ್ತರು. ಗುಂಡಿಯ ಅಂಚಿನಲ್ಲಿ ನಿಂತವನಿಗೆ ಏನೂ ಆಗದೆ, ತಳದಲ್ಲಿದ್ದವನು ಕುಸಿದು ಬೀಳುವುದೇಕೆ ಎಂಬುದಕ್ಕೆ ಉತ್ತರ ಈ ಭಾರದಲ್ಲಿದೆ.

ಹಾಗಾದರೆ ದೀಪ ಸಾಲದೇ? ಸಾಲದು. ಬಯಲಿನ ಗಾಳಿಯಲ್ಲಿ ಆಮ್ಲಜನಕ ಶೇಕಡಾ 20.9 ಇದೆ. ಅದು ಶೇಕಡಾ 16-17ರ ಸುಮಾರಿಗೆ ಇಳಿಯುವ ತನಕ ಬತ್ತಿ ಉರಿಯುತ್ತಿರಬಹುದು. ಇಂಗಾಲಾಮ್ಲ ಅಪಾಯದ ಮಟ್ಟ ಮುಟ್ಟಿದ್ದರೂ ದೀಪ ಆರದೇ ಇರಬಹುದು. ಇನ್ನು ಗೋಬರ್ ಗ್ಯಾಸ್ ಗುಂಡಿಯಲ್ಲಿ ಮೀಥೇನ್ ಇರುವುದರಿಂದ ಅಲ್ಲಿ ದೀಪ, ಬೀಡಿ, ಬೆಂಕಿಕಡ್ಡಿ ತರುವುದೆಂದರೆ ಸ್ಫೋಟಕ್ಕೆ ಆಹ್ವಾನ.

ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಅನಿಲಮಾಪಕಗಳು ಈಗ ದೊರೆಯುತ್ತವೆ. ಕೊಳ್ಳುವಾಗ ಒಂದು ಸಂಗತಿಯನ್ನು ಮರೆಯಬಾರದು. ಪೇಟೆಯಲ್ಲಿ ಹೆಚ್ಚಾಗಿ ಸಿಗುವ ‘ನಾಲ್ಕು ಅನಿಲದ’ ಮಾಪಕ ಸಾಮಾನ್ಯವಾಗಿ ಆಮ್ಲಜನಕ, ಉರಿಯುವ ಅನಿಲ, ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್‌ಗಳನ್ನು ಮಾತ್ರ ತೋರಿಸುತ್ತದೆ, ಇಂಗಾಲಾಮ್ಲವನ್ನಲ್ಲ. ಆಮ್ಲಜನಕ ನೋಡಿದರೆ ಸಾಕಲ್ಲ ಎನ್ನುವವರು ಈ ಲೆಕ್ಕ ಹಾಕಿ ನೋಡಲಿ. ಹುಳಿಯುವ ತೊಟ್ಟಿಯಿಂದ ಎದ್ದ ಇಂಗಾಲಾಮ್ಲ ಕೋಣೆಯ ಗಾಳಿಯಲ್ಲಿ ಶೇಕಡಾ 5ರಷ್ಟು ಬೆರೆತರೆ ಆಮ್ಲಜನಕ ಶೇಕಡಾ 20.9ರಿಂದ ಸುಮಾರು 19.9ಕ್ಕೆ ಮಾತ್ರ ಇಳಿಯುತ್ತದೆ. ಮಾಪಕದ ಗಂಟೆ ಸಾಮಾನ್ಯವಾಗಿ ಬಾರಿಸುವುದು 19.5ಕ್ಕೆ. ಗಂಟೆ ಬಾರಿಸುವುದಿಲ್ಲ, ಆದರೆ ಮನುಷ್ಯನಿಗೆ ಏದುಸಿರು, ತಲೆನೋವು, ತಲೆಸುತ್ತು ಆಗಲೇ ಹತ್ತಿರುತ್ತದೆ. ಶೇಕಡಾ 10 ಮುಟ್ಟಿದರೆ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತದೆ. ಆದ್ದರಿಂದ ಇಂಗಾಲಾಮ್ಲವನ್ನು ಅವಕೆಂಪು ಕಿರಣದಿಂದ ನೇರವಾಗಿ ಅಳೆಯುವ ಭಾಗವೂ ಇರುವ ಮಾಪಕವನ್ನೇ ಕೇಳಿ ಪಡೆಯಬೇಕು. ಕಚೇರಿ, ಶಾಲಾ ಕೊಠಡಿಗಳ ಗೋಡೆಗೆ ಹಾಕುವ ಮಾಪಕ ಗುಂಡಿಯ ಕೆಲಸಕ್ಕೆ ಬಾರದು. ಅಷ್ಟು ಹೆಚ್ಚಿನ ಪ್ರಮಾಣವನ್ನು ಅದು ಅಳೆಯಲಾರದು.

ಮಾಪಕದಲ್ಲಿ ಕಾಣುವ ಅಂಕಿ ಪಿಪಿಎಂ, ಎಂದರೆ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಎಂಬ ಲೆಕ್ಕ. ಬಯಲಿನಲ್ಲಿ 420ರ ಆಸುಪಾಸು ಇರುತ್ತದೆ. ದಿನವಿಡೀ ದುಡಿಯುವ ಜಾಗದಲ್ಲಿ ಸರಾಸರಿ 5,000 ಮೀರಬಾರದು. 30,000 ಇದ್ದಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು. 40,000 ಎಂದರೆ ಜೀವಕ್ಕೇ ಅಪಾಯ. ನಮ್ಮ ಕೆಲಸಕ್ಕೆ 5,000 ದಾಟಿದರೆ ಇಳಿಯುವುದೇ ಬೇಡ ಎಂದಿಟ್ಟುಕೊಳ್ಳುವುದು ಲೇಸು.

ಬಳಸುವ ಕ್ರಮ ಹೀಗೆ:

1. ಮಾಪಕವನ್ನು ಬಯಲಿನಲ್ಲಿ ಚಾಲೂ ಮಾಡಿ ಅಂಕಿ ಸರಿಯಿದೆಯೇ ನೋಡಿ. ಅದರ ಮೇಲೆ ಉಸಿರು ಬಿಟ್ಟರೆ ಅಂಕಿ ಥಟ್ಟನೆ ಏರಬೇಕು; ನಮ್ಮ ನಿಶ್ವಾಸದಲ್ಲಿ ಸುಮಾರು ಶೇಕಡಾ 4 ಇಂಗಾಲಾಮ್ಲವಿದೆ. ಆದರೆ ಇದು ತಯಾರಕರು ಹೇಳಿದ ಅವಧಿಗೊಮ್ಮೆ ಮಾಡಿಸಬೇಕಾದ ತಪಾಸಣೆಗೆ ಬದಲಿಯಲ್ಲ.

2. ಮಾಪಕವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡಿ. ಮೇಲೆ, ನಡುವೆ, ತಳದಲ್ಲಿ, ಮೂರೂ ಕಡೆ ಒಂದೆರಡು ನಿಮಿಷ ನಿಲ್ಲಿಸಿ. ಅತಿ ಹೆಚ್ಚಿನ ಅಂಕಿಯನ್ನು ನೆನಪಿಡುವ ಮಾಪಕವಾದರೆ ಒಳ್ಳೆಯದು.

3. ಅಂಕಿ ಹೆಚ್ಚಿದ್ದರೆ ಬ್ಲೋವರಿನ ಕೊಳವೆಯನ್ನು ತಳದ ತನಕ ಬಿಟ್ಟು ಹೊಸ ಗಾಳಿ ತುಂಬಿಸಿ, ಮತ್ತೆ ಅಳೆಯಿರಿ.

4. ಇಳಿದವನ ಮೈಮೇಲೆ ಮಾಪಕ, ಸೊಂಟಕ್ಕೆ ಪಟ್ಟಿ ಮತ್ತು ಹಗ್ಗ, ಮೇಲೆ ಇಬ್ಬರು ಆಳು ಇರಲೇಬೇಕು. ಕೆಸರು ಕದಡಿದಾಗ ಅನಿಲ ಮತ್ತೆ ಏಳುತ್ತದೆ.

1948ರ ಕಾರ್ಖಾನೆ ಕಾಯಿದೆಯ 36ನೆಯ ಕಲಮು ಇಂಥ ಎಚ್ಚರಿಕೆಗಳನ್ನು ಆಗಲೇ ವಿಧಿಸಿತ್ತು. ತೋಟದ ಬಾವಿಗೆ ಯಾವ ಇನ್ಸ್‌ಪೆಕ್ಟರೂ ಬರಲಾರ. ಇಲ್ಲಿ ಮಾಲೀಕನೇ ಹೊಣೆ.

ಕೊನೆಯದಾಗಿ, ಒಬ್ಬ ಬಿದ್ದನೆಂದು ಇನ್ನೊಬ್ಬ ಹಾಗೇ ಧುಮುಕಬಾರದು. ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರ ಪೈಕಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ಕಾಪಾಡಲು ಹೋದವರೇ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1986ರಲ್ಲಿ ಪ್ರಕಟಿಸಿತು. ಆಳಿನ ಹಿಂದೆ ಅಣ್ಣ, ಅಣ್ಣನ ಹಿಂದೆ ಮಗ, ಹೀಗೆ ಒಂದೇ ಮನೆ ಬರಿದಾಗುತ್ತದೆ. ಹಗ್ಗದಿಂದ ಎಳೆಯಿರಿ, ಗಾಳಿ ಊದಿಸಿ, ಅಗ್ನಿಶಾಮಕ ದಳಕ್ಕೆ ಸುದ್ದಿ ಕೊಡಿ.

ಒಬ್ಬೊಬ್ಬ ಸಣ್ಣ ಬೆಳೆಗಾರನೂ ಮಾಪಕ ಕೊಳ್ಳುವುದು ಹೊರೆಯೇ ಸರಿ. ದೋಟಿ, ಸಿಂಪಡಣೆ ಯಂತ್ರಗಳನ್ನು ಸರದಿಯಲ್ಲಿ ಬಳಸಿದಂತೆ ಒಂದು ಮಾಪಕ, ಒಂದು ಬ್ಲೋವರ್, ಎರಡು ಹಗ್ಗದ ಪಟ್ಟಿಗಳನ್ನು ಸಂಘದಲ್ಲಿಟ್ಟು ಬಾಡಿಗೆಯಿಲ್ಲದೆ ಕೊಡಬಹುದು. ಬರುವ ಸರ್ವಸದಸ್ಯರ ಸಭೆಯ ಮುಂದೆ ಈ ವಿಷಯವನ್ನು ಇಡಲಾಗುವುದು. ಸದಸ್ಯರು ತಮ್ಮ ತೋಟದ ಹಾಳುಬಾವಿ, ಗುಂಡಿಗಳ ಲೆಕ್ಕವನ್ನು ಬರೆದು ತರಬೇಕಾಗಿ ವಿನಂತಿ.

– ಕಾರ್ಯದರ್ಶಿ